ಥಾಣೆ ಖಾಡಿಯ ರಾಜಹಂಸ: ನಾವು ಫೋಟೋ ತೆಗೆಯೋದು ಯಾವ ಹಕ್ಕೀದು?

ಕಳೆದ ಭಾನುವಾರದ ಮಾತನ್ನು ಓದೋ ರೂಪದಲ್ಲಿ ಇಲ್ಲಿ ಹಾಕ್ತಾ ಇದ್ದೀನಿ. ತಡವರಿಸಿದ ಕಡೆ ತಿದ್ದಿದ್ದೀನಿ. ಸಮಯ ಸಾಲದೆ ಬಿಟ್ಟಿದ್ದ ಎರಡು ಮೂರು ವಿಷಯ ಸೇರಿಸಿದ್ದೀನಿ.

ಮೊದಲು ಒಂದು ಗೊಂದಲ ಕಳೆದುಬಿಡೋಣ. ನಾನಿರೋದು ಕಲ್ಯಾಣದಲ್ಲಿ ಅಂದ ತಕ್ಷಣ ಊರಿನ ಕಡೆಯವರು "ಬಸವಣ್ಣನವರ ಕಲ್ಯಾಣವಾ?" ಅಂತ ಕೇಳ್ತಾರೆ. ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ. ನಂದು ಸೆಂಟ್ರಲ್ ರೈಲ್ವೆಯ ಕಲ್ಯಾಣ್. ಬೆಳಿಗ್ಗೆ ಲೋಕಲ್ ಹಿಡಿದು ಥಾಣೆಯಲ್ಲಿ ಇಳಿದು, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ಗಾಡಿ ಹತ್ತಿ ಐರೋಲಿಗೆ ಹೋಗ್ತೀನಿ. ಅಲ್ಲೇ ನಮ್ಮ ಆಫೀಸು. ಆಫೀಸಿನಿಂದ ಆಟೋದಲ್ಲಿ ಹತ್ತು ನಿಮಿಷ ಹೋದ್ರೆ ಥಾಣೆ ಖಾಡಿ ಸಿಗುತ್ತೆ. ಖಾಡಿ ಅಂದ್ರೆ ಸಮುದ್ರ ಭೂಮಿಯೊಳಗೆ ಕೈ ಚಾಚಿದ ಹಾಗಿರೋ ಉಪ್ಪುನೀರಿನ ಹಾದಿ. ಉದ್ದ ಸುಮಾರು 26 ಕಿಲೋಮೀಟರ್. ಒಂದು ದಡದಲ್ಲಿ ಮುಂಬಯಿ ಮತ್ತು ಥಾಣೆ, ಎದುರು ದಡದಲ್ಲಿ ನವಿ ಮುಂಬಯಿ.

ಹೋದ ಫೆಬ್ರುವರಿಯಲ್ಲಿ ಅಮ್ಮ ಬಂದಿದ್ರು. ನಮ್ಮೂರು ಹಳೇಬೀಡಿನ ಹತ್ತಿರ. "ಅಮ್ಮಾ, ರಾಜಹಂಸ ತೋರಿಸ್ತೀನಿ ಬಾ" ಅಂತ ಐರೋಲಿಯ ಕಡಲ ಜೀವವೈವಿಧ್ಯ ಕೇಂದ್ರಕ್ಕೆ ಕರ್ಕೊಂಡು ಹೋದೆ. ಅಲ್ಲಿಂದ ಖಾಡಿಯೊಳಗೆ ದೋಣಿ ಬಿಡ್ತಾರೆ. ಕಾಂಡ್ಲಾ ಕಾಡಿನ ಅಂಚು ದಾಟಿ ಒಂದು ತಿರುವು ತಗೊಂಡ್ವಿ. ಎದುರಿಗೆ ಕೆಸರಿನ ಮೇಲೆ ಗುಲಾಬಿ ಬಣ್ಣದ ಒಂದು ಗೆರೆ. ಹತ್ತಿರ ಹೋದ ಹಾಗೆ ಆ ಗೆರೆಗೆ ಕಾಲು ಬಂತು, ಕತ್ತು ಬಂತು. ಸಾವಿರಾರು ಹಕ್ಕಿ. ನಾನು 600 ಎಂಎಂ ಲೆನ್ಸ್ ಎತ್ತಿಕೊಂಡು ಟಕಟಕ ಅಂತ ಹೊಡೀತಾನೇ ಇದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಇದು ಹಂಸ ಅಲ್ಲ ಕಣೋ. ಕೊಕ್ಕರೆ ಥರ ಇದೆ. ಹಂಸ ಬೆಳ್ಳಗಿರುತ್ತೆ" ಅಂದ್ರು.

ದೋಣಿಯಲ್ಲಿದ್ದ ಒಬ್ಬ ಮರಾಠಿ ಅಜ್ಜನೂ ತಲೆಯಾಡಿಸಿದ್ರು. ಮರಾಠಿಯಲ್ಲಿ ಇದಕ್ಕೆ ರೋಹಿತ ಅಂತಾರೆ, ಅಗ್ನಿಪಂಖ ಅಂತಲೂ ಅಂತಾರೆ. ಹಂಸದ ಸುದ್ದಿಯೇ ಇಲ್ಲ. ಕನ್ನಡದ ಪತ್ರಿಕೆಗಳಲ್ಲಿ ಮಾತ್ರ ಫ್ಲೆಮಿಂಗೊ ಅಂದ್ರೆ ರಾಜಹಂಸ. ಹಾಗಾದ್ರೆ ಅಮ್ಮ ಹೇಳಿದ್ದು ಸರಿಯಾ, ಪತ್ರಿಕೆಯವರು ಬರೆದದ್ದು ಸರಿಯಾ? ಅವತ್ತು ರಾತ್ರಿ ಶುರುವಾದ ಹುಡುಕಾಟ ಈ ಸಂಚಿಕೆ.

ಇಂಗ್ಲಿಷಿನಲ್ಲಿ ಸ್ವಾನ್ ಅಂತಾರಲ್ಲ, ಯುರೋಪಿನ ಕೆರೆಗಳಲ್ಲಿ ಕತ್ತು ಬಾಗಿಸಿ ತೇಲೋ ದೊಡ್ಡ ಬಿಳಿ ಹಕ್ಕಿ, ಅದು ಭಾರತದ ಹಕ್ಕಿಯೇ ಅಲ್ಲ. ಭಾರೀ ಚಳಿ ಬಿದ್ದ ವರ್ಷಗಳಲ್ಲಿ ಉಪಖಂಡದ ವಾಯವ್ಯ ಮೂಲೆಗೆ ಒಂದೋ ಎರಡೋ ದಾರಿ ತಪ್ಪಿ ಬಂದದ್ದುಂಟು. 2013ರ ಜನವರಿಯಲ್ಲಿ ಹಿಮಾಚಲದ ಪೋಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿ ಒಂದು ವೂಪರ್ ಸ್ವಾನ್ ಕಾಣಿಸಿಕೊಂಡಾಗ, ನೂರು ವರ್ಷಕ್ಕೂ ಮಿಗಿಲಾದ ಮೇಲೆ ಬಂತು ಅಂತ ಸುದ್ದಿಯಾಗಿತ್ತು. ಅಷ್ಟು ಅಪರೂಪ. ಕರ್ನಾಟಕದ ಶಿಲ್ಪಿಯಾಗಲಿ ಕವಿಯಾಗಲಿ ಇದನ್ನು ಕಣ್ಣಾರೆ ಕಂಡಿರೋ ಸಾಧ್ಯತೆ ತೀರಾ ಕಡಿಮೆ.

ಹಾಗಾದ್ರೆ ನಮ್ಮ ಹಂಸ ಯಾವುದು? ಸುಳಿವು ಆ ಪದದಲ್ಲೇ ಇದೆ. ಸಂಸ್ಕೃತದ ಹಂಸ, ಲ್ಯಾಟಿನ್ನಿನ ಆನ್ಸರ್, ಜರ್ಮನ್ನಿನ ಗಾನ್ಸ್, ಇಂಗ್ಲಿಷಿನ ಗೂಸ್, ಇವೆಲ್ಲ ಒಂದೇ ಬೇರಿನಿಂದ ಬಂದ ಪದಗಳು ಅಂತ ಭಾಷಾಶಾಸ್ತ್ರ ಹೇಳುತ್ತೆ. ಎಲ್ಲದರ ಅರ್ಥವೂ ಹೆಬ್ಬಾತು. ಡಚ್ ವಿದ್ವಾಂಸ ಜೆ. ಪಿಎಚ್. ಫೋಗಲ್ ಭಾರತದ ಸಾಹಿತ್ಯ ಮತ್ತು ಕಲೆಯಲ್ಲಿ ಹೆಬ್ಬಾತು ಅನ್ನೋ ವಿಷಯದ ಮೇಲೇ ಬರೆದ ಒಂದು ಪುಸ್ತಕ 1962ರಲ್ಲಿ ಪ್ರಕಟವಾಯ್ತು. ಹಂಸ ಅಂದ ಕಡೆಯೆಲ್ಲ ಸ್ವಾನ್ ಅಂತ ಅನುವಾದ ಮಾಡಿದ್ದು ತಪ್ಪು, ಅದು ಹೆಬ್ಬಾತು ಅನ್ನೋದು ಅವರ ವಾದ. ಅಜಂತಾದ ಹದಿನೇಳನೇ ಗುಹೆಯಲ್ಲಿ ಹಂಸ ಜಾತಕದ ಚಿತ್ರ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ, ಮಕರ ಎಲ್ಲ ಆದ ಮೇಲೆ ಮೇಲಿನ ಸಾಲಿನಲ್ಲಿ ಹಂಸಗಳು ನಡೀತಾವಲ್ಲ, ಅದನ್ನು ನಾನು ಚಿಕ್ಕಂದಿನಿಂದ ನೂರು ಸಲ ನೋಡಿದ್ದೀನಿ. ಈಗ ಫೋಟೋ ತೆರೆದು ಜೂಮ್ ಮಾಡಿದ್ರೆ ದಪ್ಪ ಮೈ, ಗಿಡ್ಡ ಕಾಲು. ಬಾಲ ಮಾತ್ರ ಶಿಲ್ಪಿಯ ಖುಷಿಗೆ ಬಳ್ಳಿಯಾಗಿದೆ. ಬಾಲ ತೆಗೆದುಬಿಟ್ರೆ ಅದು ಬಾತು.

ಆ ಹೆಬ್ಬಾತು ಈಗಲೂ ನಮ್ಮ ನಾಡಿಗೆ ಬರುತ್ತೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳೀತಾವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟಿ, ಅದೇ ಗುರುತು. 2024ರ ಜನವರಿ ಕೊನೆಯಲ್ಲಿ ಆ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಚಳಿಗೆ ಕೆಳಗೆ ಬರೋ ಹಕ್ಕಿ ಇದು. ಮಳೆಗಾಲ ಬಂತು ಅಂದ್ರೆ ಹಂಸಗಳು ಮಾನಸ ಸರೋವರಕ್ಕೆ ಹೊರಟುಬಿಡ್ತಾವೆ ಅಂತ ಹಳೇ ಕಾವ್ಯಗಳಲ್ಲಿ ಬರುತ್ತಲ್ಲ, ಅದು ಬರೀ ಕವಿಸಮಯ ಅಂತ ನಮಗೆ ಪಿಯುಸಿಯಲ್ಲಿ ಹೇಳಿದ್ರು. ಇಲ್ಲ ಸ್ವಾಮಿ, ಅದರ ಹಿಂದೆ ನಿಜವಾದ ವಲಸೆಯೇ ಇದೆ.

ಇಷ್ಟಾದ್ರೆ ಅಮ್ಮನೇ ಗೆದ್ರು ಅಂತ ಲೆಕ್ಕ. ಆದ್ರೆ ಹಂಸ ಬೇರೆ, ರಾಜಹಂಸ ಬೇರೆ. ಅಮರಕೋಶ ರಾಜಹಂಸಕ್ಕೆ ಲಕ್ಷಣ ಕೊಡುತ್ತೆ: ಮೈ ಬಿಳಿ, ಕೊಕ್ಕು ಮತ್ತು ಕಾಲು ಕೆಂಪು. ನಾನು ಕೋಡ್ ಬರೆಯೋನು, ಇಂಥ ಲಕ್ಷಣ ಕಂಡ್ರೆ ಒಂದೊಂದಾಗಿ ಚೆಕ್ ಮಾಡದೆ ಬಿಡಲ್ಲ. ಯುರೋಪಿನ ಮ್ಯೂಟ್ ಸ್ವಾನ್: ಮೈ ಬಿಳಿ, ಸರಿ. ಕೊಕ್ಕು ಕಿತ್ತಳೆ, ಹೋಗ್ಲಿ ಬಿಡಿ. ಕಾಲು ಕಪ್ಪು, ಫೇಲ್. ಪಟ್ಟೆತಲೆ ಹೆಬ್ಬಾತು: ಕೊಕ್ಕು ಮತ್ತು ಕಾಲು ಹಳದಿ ಮಿಶ್ರಿತ ಕಿತ್ತಳೆ, ಮೈ ಬೂದು, ಅರ್ಧ ಪಾಸು. ದೊಡ್ಡ ಫ್ಲೆಮಿಂಗೊ: ಮೈ ದೂರದಿಂದ ಬಿಳಿ, ಕಾಲು ಕೆಂಪು ಗುಲಾಬಿ, ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು. ಲಕ್ಷಣಕ್ಕೆ ಎಲ್ಲಕ್ಕಿಂತ ಹತ್ತಿರ ಬರೋದು ಇದೇ. ಅಮರಸಿಂಹ ಫ್ಲೆಮಿಂಗೊವನ್ನೇ ನೋಡಿ ಬರೆದ ಅಂತ ಇದರಿಂದ ಸಾಬೀತಾಗಲ್ಲ. ಆದ್ರೆ ಫ್ಲೆಮಿಂಗೊಗೆ ರಾಜಹಂಸ ಅಂತ ಹೆಸರಿಟ್ಟ ಕನ್ನಡದವರು ಸುಮ್ಮನೆ ಹೆಸರಿಡಲಿಲ್ಲ ಅನ್ನೋದಂತೂ ನನಗೆ ಖಾತ್ರಿಯಾಯ್ತು.

ಇನ್ನೊಂದು ವಿಷಯ. ಹಂಸ ಹಾಲು ನೀರು ಬೇರೆ ಮಾಡುತ್ತೆ ಅಂತೀವಿ. ಯಾವ ಬಾತೂ ಹಾಗೆ ಮಾಡಲ್ಲ. ಆದ್ರೆ ಫ್ಲೆಮಿಂಗೊ ತಿನ್ನೋದನ್ನ ನೋಡಿ. ತಲೆ ತಲೆಕೆಳಗಾಗಿ ನೀರಲ್ಲಿ ಮುಳುಗಿಸುತ್ತೆ, ಕೊಕ್ಕಿನ ಮೇಲ್ಭಾಗ ಕೆಳಗೆ ಬರುತ್ತೆ. ನಾಲಿಗೆಯನ್ನು ಪಂಪಿನ ಹಾಗೆ ಸೆಕೆಂಡಿಗೆ ಹಲವು ಸಲ ಆಡಿಸಿ ಕೆಸರುನೀರು ಒಳಗೆ ಎಳೀತದೆ, ಹೊರಗೆ ದೂಡುತ್ತೆ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಜರಡಿ ಇದೆ. ನೀರು ಹೊರಗೆ, ಪಾಚಿ ಒಳಗೆ. ಒಳ್ಳೇ ಫಿಲ್ಟರ್ ಫಂಕ್ಷನ್. ಕ್ಷೀರನೀರ ನ್ಯಾಯಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ನನ್ನ ಮಾತನ್ನು ಫಾರ್ವರ್ಡ್ ಮಾಡಬೇಡಿ, ಇದು ನನ್ನ ತಮಾಷೆಯ ಹೋಲಿಕೆ ಅಷ್ಟೆ.

ಸರಿ, ಅಮ್ಮನ ತಲೆಯಲ್ಲಿ ಆ ಉದ್ದ ಕತ್ತಿನ ಬಿಳಿ ಹಕ್ಕಿ ಕೂತಿದ್ದು ಎಲ್ಲಿಂದ? ಹಳೇಬೀಡಿನ ಬಾತಿನಿಂದ ಅಲ್ಲ. ಅಡುಗೆಮನೆಯ ಕ್ಯಾಲೆಂಡರಿನಿಂದ. ರಾಜಾ ರವಿವರ್ಮ 1899ರಲ್ಲಿ ದಮಯಂತಿ ಹಂಸದ ಜೊತೆ ಮಾತಾಡೋ ಚಿತ್ರ ಬರೆದ್ರು. ಅದರಲ್ಲಿರೋ ಹಕ್ಕಿ ಅಚ್ಚ ಯುರೋಪಿನ ಸ್ವಾನ್. ಅವರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದ್ರು, ಆಮೇಲೆ ಅದು ಲೋಣಾವಳಾ ಹತ್ತಿರದ ಮಳವಲಿಗೆ ಹೋಯ್ತು. ನಮ್ಮ ಕಲ್ಯಾಣದಿಂದ ಪುಣೆ ಕಡೆ ಹೋಗೋ ಗಾಡಿಯಲ್ಲಿ ಲೋಣಾವಳಾ ದಾಟಿದ ಮೇಲೆ ಈ ಮಳವಲಿ ಸ್ಟೇಷನ್ ಸಿಗುತ್ತೆ. ಆ ಪ್ರೆಸ್ಸಿನ ಅಚ್ಚುಗಳು, ಅವನ್ನು ನೋಡಿ ಬರೆದ ಬೇರೆಯವರ ಅಚ್ಚುಗಳು, ಬೆಂಕಿಪೊಟ್ಟಣ, ಸೀರೆ ಅಂಗಡಿಯ ಕ್ಯಾಲೆಂಡರು, ಹೀಗೆ ಮನೆಮನೆಗೆ ಹೋದ್ವು. ಸಾವಿರಾರು ವರ್ಷದ ಬಾತು ನೂರೈವತ್ತು ವರ್ಷದೊಳಗೆ ಸ್ವಾನ್ ಆಗಿಬಿಡ್ತು. ಒಂದು ಚಿತ್ರ ಚೆನ್ನಾಗಿದ್ರೆ ಅದು ನಿಜವನ್ನು ಓವರ್‌ರೈಟ್ ಮಾಡಿಬಿಡುತ್ತೆ. ನನ್ನ ಕ್ಯಾಮೆರಾದ ಬಗ್ಗೆ ನನಗೆ ಅನುಮಾನ ಶುರುವಾಗಿದ್ದು ಇಲ್ಲಿಂದಲೇ.

ಯಾಕಂದ್ರೆ ಅವತ್ತು ದೋಣಿಯಿಂದ ನಾನು ತೆಗೆದ ಚಿತ್ರಗಳಲ್ಲಿ, ಗ್ರೂಪಿಗೆ ಹಾಕೋ ಮೊದಲು ಪ್ರತಿಯೊಂದನ್ನೂ ಕ್ರಾಪ್ ಮಾಡಿದ್ದೆ. ಹಿಂದಿನ ಬಹುಮಹಡಿ ಕಟ್ಟಡ ಔಟ್. ಹೈಟೆನ್ಷನ್ ಕಂಬ ಔಟ್. ಕಾಂಡ್ಲಾ ಬೇರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಔಟ್. ಗುಲಾಬಿ ಬಣ್ಣದ ಸ್ಯಾಚುರೇಷನ್ ಒಂದಿಷ್ಟು ಜಾಸ್ತಿ. ಎಂಟೆಕ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿದ್ದು ಹೀಗೆ ಉಪಯೋಗಕ್ಕೆ ಬಂತು. ಚಿತ್ರ ನೋಡಿದ್ರೆ ಯಾವುದೋ ಮಾನಸ ಸರೋವರ. ನಾನು ಕೂಡ ಒಂದು ಕ್ಯಾಲೆಂಡರೇ ಮಾಡಿದ್ದೆ.

ಕ್ರಾಪ್ ಮಾಡಿ ಬಿಸಾಕಿದ ಆ ಭಾಗದಲ್ಲೇ ಈ ಹಕ್ಕಿಯ ಇಲ್ಲಿನ ಚರಿತ್ರೆ ಇದೆ. ಅದನ್ನೇ ಈಗ ಹೇಳ್ತೀನಿ.

ಈ ನೀರಿನ ಚರಿತ್ರೆ ಬಂದರುಗಳಿಂದ ಶುರುವಾಗುತ್ತೆ. ಕ್ರಿ.ಶ. ಒಂದನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಪೆರಿಪ್ಲಸ್ ಅನ್ನೋ ನಾವಿಕರ ಕೈಪಿಡಿಯಲ್ಲಿ ಕಲ್ಲಿಯೇನಾ ಅಂತ ಒಂದು ಊರು ಬರುತ್ತೆ, ಅದೇ ನಮ್ಮ ಕಲ್ಯಾಣ್. ಒಬ್ಬ ರಾಜನ ಕಾಲದಲ್ಲಿ ಇಲ್ಲಿ ವ್ಯಾಪಾರಕ್ಕೆ ಪರವಾನಗಿ ಇತ್ತು, ಇನ್ನೊಬ್ಬ ಬಂದ ಮೇಲೆ ಇಲ್ಲಿಗೆ ಬಂದ ಗ್ರೀಕ್ ಹಡಗನ್ನು ಕಾವಲು ಹಾಕಿ ಭರೂಚಿಗೆ ಕಳಿಸ್ತಿದ್ರು ಅಂತ ಅದರಲ್ಲಿದೆ. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ದಾನ ಕೊಟ್ಟವರ ಪಟ್ಟಿಯಲ್ಲಿ ಕಲ್ಯಾಣದ ವ್ಯಾಪಾರಿಗಳಿದ್ದಾರೆ. ಕನ್ನಡದವರಿಗೆ ಒಂದು ಸಣ್ಣ ಖುಷಿಯ ವಿಷಯ: ಅದೇ ಕಾನ್ಹೇರಿಯಲ್ಲಿ ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳೂ ಇವೆ. ಅವನ ಸಾಮಂತರಾದ ಶಿಲಾಹಾರರು ಈ ಕೊಂಕಣವನ್ನು ಆಳ್ತಾ ಇದ್ರು. ಕವಿರಾಜಮಾರ್ಗದ ಕಾಲದ ದೊರೆಗೆ ಥಾಣೆಯ ಖಾಡಿಯೂ ಸೇರಿತ್ತು ಅನ್ನೋದು ನಾನು ಲೋಕಲ್ಲಿನಲ್ಲಿ ನಿಂತಾಗ ಆಗಾಗ ನೆನೆಸಿಕೊಳ್ಳೋ ಮಾತು.

ಬಂದರಿಗೆ ಬೇಕಾಗಿದ್ದು ಆಳವಾದ ನೀರು. ಫ್ಲೆಮಿಂಗೊಗೆ ಬೇಕಾಗಿದ್ದು ಅದರ ತದ್ವಿರುದ್ಧ, ಮೊಣಕಾಲು ಮುಳುಗದ ಕೆಸರು. ಹಾಗಾಗಿ ಹಡಗಿನ ಚರಿತ್ರೆ ಮುಗಿದ ಕಡೆ ಹಕ್ಕಿಯ ಚರಿತ್ರೆ ಶುರುವಾಗುತ್ತೆ. ನದಿಯ ಹೂಳು ತುಂಬ್ತಾ ಬಂತು. ದಡದಲ್ಲಿ ಆಗ್ರಿ ಜನ ಉಪ್ಪಿನ ಆಗರ ಮಾಡಿದ್ರು, ಅವರ ಹೆಸರೇ ಆಗರದಿಂದ ಬಂದದ್ದು. ಭಾಂಡುಪ್, ಕಾಂಜೂರ್‌ಮಾರ್ಗ್, ಮುಲುಂಡ್ ಕಡೆ ಆ ಆಗರಗಳ ಪಟ್ಟಿಗಳು ಇನ್ನೂ ಕಾಣ್ತಾವೆ. 1853ರ ಏಪ್ರಿಲ್ 16ಕ್ಕೆ ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಬಂತು, ಮರುವರ್ಷ ನೀರಿನ ಮೇಲೆ ಸೇತುವೆ ಹಾಕಿ ಕಲ್ಯಾಣಕ್ಕೂ ತಂದ್ರು. ಸರಕು ರೈಲು ಹತ್ತಿತು, ಖಾಡಿಯ ದೋಣಿಗಳಿಗೆ ಕೆಲಸ ಕಡಿಮೆಯಾಯ್ತು.

ಆಮೇಲೆ ನಗರ ತನಗೆ ಬೇಡವಾದದ್ದನ್ನೆಲ್ಲ ಖಾಡಿಯ ಕಡೆಗೆ ದೂಡೋಕೆ ಶುರು ಮಾಡ್ತು. ದೇವನಾರ್ ಕಸದ ಮೈದಾನ 1927ರದ್ದು. 1960ರ ದಶಕದಲ್ಲಿ ಎದುರು ದಡದಲ್ಲಿ ಥಾಣೆಯಿಂದ ಬೇಲಾಪುರದವರೆಗೆ ಕಾರ್ಖಾನೆಗಳ ಪಟ್ಟಿ ಬಂತು: ರಾಸಾಯನಿಕ, ಔಷಧಿ, ಬಣ್ಣ. 1970ರಲ್ಲಿ ಸಿಡ್ಕೊ ಹುಟ್ಟಿತು, ನವಿ ಮುಂಬಯಿ ಕಟ್ಟೋಕೆ. 1973ರಲ್ಲಿ ವಾಶಿ ಸೇತುವೆ. ಎರಡೂ ದಡದ ಲಕ್ಷಾಂತರ ಮನೆಗಳ ಬಚ್ಚಲು ನೀರು ಸೇರೋ ಜಾಗ ಒಂದೇ. ಸೇತುವೆ ಕಂಬಗಳು ಬಂದಂತೆ ಹರಿವು ನಿಧಾನವಾಗುತ್ತೆ, ಹರಿವು ನಿಧಾನವಾದಂತೆ ಹೂಳು ಕೂರುತ್ತೆ. ಕೆಸರಿನ ಬಯಲು ಬೆಳೀತು, ಅದರ ಮೇಲೆ ಕಾಂಡ್ಲಾ ಬೆಳೀತು.

ಇಷ್ಟು ಕೇಳಿದ್ರೆ ಯಾರಾದ್ರೂ ಇಲ್ಲಿಂದ ಹಕ್ಕಿ ಓಡಿಹೋಯ್ತು ಅಂತಾರೆ. ಆದದ್ದು ಉಲ್ಟಾ. 1990ರ ದಶಕದಲ್ಲಿ ಮುಂಬಯಿಯ ಶಿವಡಿ ದಡದ ಕೆಸರಿನಲ್ಲಿ ಸಾವಿರಗಟ್ಟಲೆ ಫ್ಲೆಮಿಂಗೊ ಬಂದು ಇಳಿಯೋಕೆ ಶುರುವಾದ್ವು. ಅದರಲ್ಲೂ ಸಣ್ಣ ಜಾತಿಯದ್ದು, ಲೆಸ್ಸರ್ ಫ್ಲೆಮಿಂಗೊ. ಅದರ ಊಟ ಸೂಕ್ಷ್ಮ ಪಾಚಿ. ಸಂಶೋಧಕರು ಕೊಡೋ ಒಂದು ವಿವರಣೆ ಹೀಗಿದೆ: ಚರಂಡಿ ನೀರಿನ ಸಾರಜನಕ ಮತ್ತು ರಂಜಕ ಈ ಆಳವಿಲ್ಲದ ಕೆಸರಿಗೆ ಗೊಬ್ಬರ, ಆ ಗೊಬ್ಬರಕ್ಕೆ ಪಾಚಿ, ಪಾಚಿಗೆ ಹಕ್ಕಿ. ಆ ಪಾಚಿಯಲ್ಲಿರೋ ಕೆರೋಟಿನಾಯ್ಡ್‌ನಿಂದಲೇ ಇದರ ಗರಿಗೆ ಬಣ್ಣ. ಮರಿ ಹುಟ್ಟುವಾಗ ಬೂದು, ತಿಂತಾ ತಿಂತಾ ಗುಲಾಬಿ. ಅಂದ್ರೆ ನಾನು ಸ್ಯಾಚುರೇಷನ್ ಏರಿಸಿದ ಆ ಗುಲಾಬಿಯಲ್ಲಿ ಡೊಂಬಿವಲಿಯದ್ದೋ ಮುಲುಂಡಿನದ್ದೋ ನನ್ನದೇ ಬಿಲ್ಡಿಂಗಿನದ್ದೋ ಬಚ್ಚಲು ನೀರಿನ ಪಾಲೂ ಇರಬಹುದು. ಬಿಳಿ ಹಂಸ, ಶುದ್ಧಿಯ ಸಂಕೇತ ಅಂತೆಲ್ಲ ಬೆಳೆದ ನಮ್ಮ ಮನಸ್ಸಿಗೆ ಇದನ್ನು ನುಂಗೋದು ಕಷ್ಟ. ನನಗೂ ಕಷ್ಟವಾಯ್ತು. ಹಾಗಂತ ಕೊಳಕು ಒಳ್ಳೇದು ಅಂತ ನಾನು ಹೇಳ್ತಾ ಇಲ್ಲ. ಪಾಚಿಗೆ ಗೊಬ್ಬರ ಬೇರೆ, ಕಾರ್ಖಾನೆಯ ಭಾರಲೋಹ ಬೇರೆ. ಮೀನು ಹಿಡಿದು ಬದುಕೋ ಕೋಳಿ ಜನರನ್ನು ಕೇಳಿದ್ರೆ ಖಾಡಿಗೆ ಏನಾಗಿದೆ ಅಂತ ಬಲೆ ತೋರಿಸ್ತಾರೆ.

ಇವು ಬರೋದು ಹೆಚ್ಚಾಗಿ ಗುಜರಾತಿನಿಂದ. ಕಛ್‌ನ ದೊಡ್ಡ ರಣದಲ್ಲಿ ಮಳೆನೀರು ನಿಂತ ವರ್ಷ ಮಣ್ಣಿನ ಗುಡ್ಡೆ ಮಾಡಿ ಮೊಟ್ಟೆ ಇಡ್ತಾವೆ. 1945ರಲ್ಲಿ ಸಲೀಂ ಅಲಿ ಅಲ್ಲಿಗೆ ಹೋಗಿ ದೊಡ್ಡ ಫ್ಲೆಮಿಂಗೊಗಳ ಲಕ್ಷಕ್ಕೂ ಹೆಚ್ಚು ಗೂಡು ಲೆಕ್ಕ ಹಾಕಿದ್ರು. ಆ ಜಾಗಕ್ಕೆ ಫ್ಲೆಮಿಂಗೊ ಸಿಟಿ ಅಂತಾನೇ ಹೆಸರು. ಇಲ್ಲಿಗೆ ಬಂದ್ರೆ ಚಳಿಗಾಲದಿಂದ ಮೇ ಕೊನೆಯ ತನಕ ಇದ್ದು, ಮಳೆ ಹಿಡಿಯೋ ಹೊತ್ತಿಗೆ ವಾಪಸ್.

ಸಲೀಂ ಅಲಿ ಹೆಸರು ಬಂತಲ್ಲ, ಫೋಟೋ ತೆಗೆಯೋದರ ಚರಿತ್ರೆಯನ್ನೂ ಸ್ವಲ್ಪ ನೋಡೋಣ. ಷೂಟ್ ಅನ್ನೋ ಪದ ನಾವು ಕ್ಯಾಮೆರಾಗೆ ಬಳಸ್ತೀವಿ. ಅದಕ್ಕೆ ಮುಂಚೆ ಹಕ್ಕಿಯ ವಿಷಯದಲ್ಲಿ ಷೂಟ್ ಅಂದ್ರೆ ಷೂಟೇ. ಹತ್ತೊಂಬತ್ತನೇ ಶತಮಾನದಲ್ಲಿ ಎ. ಒ. ಹ್ಯೂಮ್, ಹೌದು ಕಾಂಗ್ರೆಸ್ ಸ್ಥಾಪನೆಯ ಅದೇ ಹ್ಯೂಮ್, ಅರವತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಳ ಚರ್ಮ ಕೂಡಿಹಾಕಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ. ಹಕ್ಕಿ ಯಾವುದು ಅಂತ ತಿಳಿಯೋಕೆ ಅದನ್ನು ಕೊಲ್ಲಲೇಬೇಕಿತ್ತು. ಕ್ಯಾಮೆರಾ ಆ ಅಗತ್ಯವನ್ನು ಮೆಲ್ಲಗೆ ಕಡಿಮೆ ಮಾಡ್ತು. ಇ. ಎಚ್. ಎನ್. ಲೌದರ್ ಭಾರತದ ಹಕ್ಕಿಗಳ ಛಾಯಾಗ್ರಹಣದ ಬಗ್ಗೆ ಬರೆದ ಪುಸ್ತಕ 1949ರಲ್ಲಿ ಬಂತು. ಅದಕ್ಕಿಂತ ಸ್ವಾರಸ್ಯದ ಮನುಷ್ಯ ಲೋಕ್ ವಾನ್ ಥೋ. ಸಿಂಗಾಪುರದ ದೊಡ್ಡ ಶ್ರೀಮಂತ, ಸಿನಿಮಾ ಥಿಯೇಟರುಗಳ ಒಡೆಯ. 1942ರಲ್ಲಿ ಜಪಾನೀಯರು ಸಿಂಗಾಪುರದ ಮೇಲೆ ಬಿದ್ದಾಗ ತಪ್ಪಿಸಿಕೊಂಡು ಹೊರಟ ಹಡಗಿಗೆ ಬಾಂಬ್ ಬಿತ್ತು. ಮೈ ಸುಟ್ಟು, ಕಣ್ಣು ತಾತ್ಕಾಲಿಕವಾಗಿ ಹೋಗಿ, ಬದುಕಿ ಉಳಿದು ಭಾರತಕ್ಕೆ ಬಂದ. ಇಲ್ಲಿ ಸಲೀಂ ಅಲಿಯ ಸ್ನೇಹವಾಯ್ತು. ಕಣ್ಣು ಕಳಕೊಂಡು ವಾಪಸ್ ಪಡೆದ ಮನುಷ್ಯ ಮುಂದೆ ಗೂಡಿನ ಎದುರು ಗಂಟೆಗಟ್ಟಲೆ ಮರೆಯಲ್ಲಿ ಕೂತು ಚಿತ್ರ ತೆಗೆದ. ಅವನ ಪುಸ್ತಕ 1957ರಲ್ಲಿ ಬಂತು. ನಮ್ಮ ಕಡೆ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಮಾಡಿದ್ದೂ ಇದೇ ಕೆಲಸ. ಕ್ಯಾಮೆರಾ ಅವರಿಗೆ ಒಂದೇ ಜಾಗದಲ್ಲಿ ಕೂರೋಕೆ ಒಂದು ನೆಪ.

ನಮಗೆ ಕೂರೋ ತಾಳ್ಮೆ ಇಲ್ಲ. ಐರೋಲಿಯ ದೋಣಿಯಲ್ಲಿ ಕೂತ್ರೂ ಅಷ್ಟು ಹೊತ್ತು ಸಿಗಲ್ಲ, ಅದಕ್ಕೆ ಕಾರಣ ಭರತ ಇಳಿತ. ದೋಣಿ ಹೋಗೋಕೆ ನೀರು ಬೇಕು, ಹಕ್ಕಿ ನಿಲ್ಲೋಕೆ ಕೆಸರು ಕಾಣಬೇಕು. ಎರಡೂ ಒಟ್ಟಿಗೆ ಇರೋ ಆ ಸ್ವಲ್ಪ ಹೊತ್ತಿನ ಲೆಕ್ಕ ಹಾಕಿಯೇ ದೋಣಿಯ ಸಮಯ ಗೊತ್ತು ಮಾಡ್ತಾರೆ, ಅದು ದಿನಾ ಬದಲಾಗುತ್ತೆ. ನೋಡೋಕೆ ಹೋಗೋರು ಮೊದಲು ಭರತದ ಪಟ್ಟಿ ನೋಡಿ, ಆಮೇಲೆ ರಜಾ ಹಾಕಿ.

ಆದ್ರೆ ಭರತ ಪೂರ್ತಿ ಏರಿದಾಗ ಕೆಸರು ಮುಳುಗಿಹೋಗುತ್ತಲ್ಲ, ಆಗ ಇಷ್ಟೊಂದು ಹಕ್ಕಿ ಎಲ್ಲಿಗೆ ಹೋಗ್ತಾವೆ? ನಾನು ಈ ಪ್ರಶ್ನೆ ಕೇಳೋಕೆ ನಾಲ್ಕು ವರ್ಷ ತಗೊಂಡೆ. ಯಾಕಂದ್ರೆ ಆ ಹೊತ್ತಿಗೆ ನನ್ನ ದೋಣಿ ದಡ ಸೇರಿರುತ್ತೆ, ಕ್ಯಾಮೆರಾ ಚೀಲದಲ್ಲಿರುತ್ತೆ.

2015ರ ಆಗಸ್ಟ್ 6ರಂದು ಮಹಾರಾಷ್ಟ್ರ ಸರ್ಕಾರ ಥಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯ ಘೋಷಿಸಿತು. ಸುಮಾರು 1,690 ಹೆಕ್ಟೇರ್. ಅದರಲ್ಲಿ 896 ಹೆಕ್ಟೇರ್ ಕಾಂಡ್ಲಾ, ಉಳಿದದ್ದು ನೀರು. 2022ರಲ್ಲಿ ಖಾಡಿ ರಾಮ್ಸಾರ್ ತಾಣವೂ ಆಯ್ತು. ಒಳ್ಳೇ ಕೆಲಸ, ಅನುಮಾನ ಇಲ್ಲ. ಆದ್ರೆ ಭರತದ ಹೊತ್ತಿಗೆ ಹಕ್ಕಿಗಳು ಹಾರಿ ಹೋಗಿ ನಿಲ್ಲೋ ಜಾಗಗಳಲ್ಲಿ ಮುಖ್ಯವಾದ ಕೆಲವು ಈ ಗಡಿಯ ಹೊರಗೆ ಉಳಿದ್ವು. ನೆರೂಲ್ ಸೀವುಡ್ಸ್ ಕಡೆಯ ಸಣ್ಣ ಸಣ್ಣ ಜೌಗು ಕೆರೆಗಳು, ಅಪಾರ್ಟ್‌ಮೆಂಟುಗಳ ಮಧ್ಯೆ. ನಮಗೆ ಅವು ಖಾಲಿ ಸೈಟು. ಅವಕ್ಕೆ ಅದು ಮಲಗೋ ಕೋಣೆ. ನಾವು ಅವುಗಳ ಊಟದ ಮನೆಗೆ ಬೇಲಿ ಹಾಕಿ, ಮಲಗೋ ಕೋಣೆಯನ್ನು ಬಿಟ್ಟುಬಿಟ್ವಿ. ಫೋಟೋದಲ್ಲಿ ಚೆನ್ನಾಗಿ ಬರೋದು ಊಟದ ಮನೆಯೇ ತಾನೆ.

2024ರ ಬೇಸಿಗೆಯಲ್ಲಿ ಇದರ ಲೆಕ್ಕ ಬಂತು. ನೆರೂಲಿನ ಡಿಪಿಎಸ್ ಕೆರೆ ಅಂತ ಜನ ಕರೆಯೋ ಸುಮಾರು 30 ಎಕರೆಯ ಜೌಗಿಗೆ ಭರತದ ನೀರು ಬರೋ ದಾರಿ ಕಟ್ಟಿಹೋಗಿತ್ತು, ಕೆರೆ ಒಣಗಿತ್ತು. ದಿಕ್ಕು ತಪ್ಪಿ ರಸ್ತೆಗೆ ಬಂದ ಫ್ಲೆಮಿಂಗೊಗಳು ಗಾಯಗೊಂಡ್ವು, ಕೆಲವು ಸತ್ವು. ಮೇ 20ರ ರಾತ್ರಿ, ಖಾಡಿಯ ಆಚೆ ದಡದ ಘಾಟ್ಕೋಪರ್ ಮೇಲೆ, ದುಬೈನಿಂದ ಬಂದಿಳೀತಿದ್ದ ವಿಮಾನಕ್ಕೆ ಒಂದು ಹಿಂಡು ಸಿಕ್ಕಿತು. ಮೂವತ್ತೈದಕ್ಕೂ ಹೆಚ್ಚು ಹಕ್ಕಿಗಳು ಬೀದಿಯಲ್ಲಿ ಬಿದ್ದಿದ್ವು. ವಿಮಾನ ಸುರಕ್ಷಿತವಾಗಿ ಇಳಿಯಿತು. ಕೆರೆ ಒಣಗಿದ್ದಕ್ಕೂ ಆ ಹಿಂಡಿನ ಹಾರಾಟಕ್ಕೂ ನೇರ ಸಂಬಂಧ ಇದೆಯಾ ಅನ್ನೋದರ ಮೇಲೆ ಆಗ ದೊಡ್ಡ ಚರ್ಚೆಯೇ ಆಯ್ತು. ನಾನು ಆ ತೀರ್ಪು ಕೊಡಲ್ಲ. ಆದ್ರೆ ಮಲಗೋಕೆ ಜಾಗ ಇಲ್ಲದ ಹಕ್ಕಿ ರಾತ್ರಿ ಎಲ್ಲಾದ್ರೂ ಹಾರಲೇಬೇಕು ಅನ್ನೋದು ಅರ್ಥವಾಗೋಕೆ ಎಂಟೆಕ್ ಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ಮೊಬೈಲಿನಲ್ಲಿ ಬಂದ ಆ ಚಿತ್ರಗಳಲ್ಲೂ ಅದೇ ಗುಲಾಬಿ ಇತ್ತು. ಗಟಾರದ ಪಕ್ಕ, ಸ್ಕೂಟರ್ ಚಕ್ರದ ಪಕ್ಕ. ಯಾರೂ ಕ್ರಾಪ್ ಮಾಡಿರಲಿಲ್ಲ. ನನ್ನ ಹಾರ್ಡ್‌ಡಿಸ್ಕಿನಲ್ಲಿರೋ ಮೂರು ಸಾವಿರ ಚಿತ್ರಗಳಿಗಿಂತ ಈ ಹಕ್ಕಿಯ ಬಗ್ಗೆ ಹೆಚ್ಚು ಹೇಳಿದ್ದು ಅವು.

ನೆರೂಲಿನ ನಾಗರಿಕರು ಬಿಡಲಿಲ್ಲ. ಪತ್ರ, ಪ್ರತಿಭಟನೆ, ಕೆರೆ ದಡದಲ್ಲಿ ಮಾನವ ಸರಪಳಿ. ದಿನಾ ಹೋಗಿ ನೀರಿನ ಮಟ್ಟದ ಫೋಟೋ ತೆಗೆದು ಹಾಕೋರೂ ಇದ್ರು. ಹಕ್ಕಿ ಇಲ್ಲದ, ಬರೀ ಬಿರುಕು ಬಿಟ್ಟ ನೆಲದ ಫೋಟೋ, ತಾರೀಖಿನ ಸಮೇತ. ಅವಕ್ಕೆ ಲೈಕ್ ಬರಲ್ಲ, ಅರ್ಜಿಗೆ ಲಗತ್ತಿಸೋಕೆ ಬರುತ್ತೆ. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಆ ಕೆರೆಯನ್ನು ಸಂರಕ್ಷಣಾ ಮೀಸಲು ಮಾಡೋಕೆ ಒಪ್ಪಿತು. ಅದೇ ವರ್ಷ ಅಕ್ಟೋಬರ್ 8ಕ್ಕೆ ನವಿ ಮುಂಬಯಿ ವಿಮಾನ ನಿಲ್ದಾಣವೂ ಉದ್ಘಾಟನೆಯಾಯ್ತು. ಈಗ ಆ ಸಣ್ಣ ಕೆರೆಗಳ ಪ್ರಶ್ನೆ ಬರೀ ಹಕ್ಕಿಪ್ರೇಮಿಗಳದ್ದಲ್ಲ. ಹಕ್ಕಿಗೆ ಗೊತ್ತಿರೋ ಜಾಗ ಅಲ್ಲೇ ಇದ್ರೆ ಅದು ಎಲ್ಲಿ ಹಾರುತ್ತೆ ಅಂತ ನಮಗೂ ಗೊತ್ತಿರುತ್ತೆ. ಜಾಗ ಕಿತ್ಕೊಂಡ್ರೆ ಗೊತ್ತಿರಲ್ಲ.

ಅಮ್ಮನ ವಿಷಯ ಬಾಕಿ ಉಳೀತು. ಅವರು ಊರಿಗೆ ಹೋದ ಮೇಲೆ ಅವತ್ತಿನ ಫೋಟೋಗಳ ಮೂಲ ಫೈಲು ತೆಗೆದೆ. ಒಂದು ಕುತೂಹಲ ಇತ್ತು. ಲೋಕ್, ಲೌದರ್ ಕಾಲದ ಹೆಚ್ಚಿನ ಚಿತ್ರಗಳು ಕಪ್ಪುಬಿಳುಪು. ಅದರಲ್ಲಿ ಗುಲಾಬಿ ಅನ್ನೋದೇ ಇಲ್ಲ. ನಾನೂ ಒಂದನ್ನು ಕ್ರಾಪ್ ಮಾಡದೆ ಬರೀ ಕಪ್ಪುಬಿಳುಪು ಮಾಡಿದೆ. ತಿಳಿ ಗುಲಾಬಿ ಹೆಚ್ಚುಕಡಿಮೆ ಬಿಳಿಯಾಗಿಬಿಡ್ತು. ಕೆಸರಲ್ಲಿ ಬಿಳಿ ಹಕ್ಕಿಗಳ ಸಾಲು, ಹಿಂದೆ ಐರೋಲಿ ಸೇತುವೆ, ಕಂಬ, ಕಟ್ಟಡ. ಅಮ್ಮನಿಗೆ ವಾಟ್ಸಾಪ್ ಮಾಡಿದೆ.

ಹತ್ತು ನಿಮಿಷಕ್ಕೆ ಫೋನ್ ಬಂತು.

"ಇದು ಹಂಸ ಕಣೋ. ಇದನ್ನ ಅವತ್ತು ಯಾಕೆ ತೋರಿಸ್ಲಿಲ್ಲ?"

"ಅದೇ ಹಕ್ಕಿ ಅಮ್ಮಾ. ನೀನು ಕೊಕ್ಕರೆ ಅಂದ್ಯಲ್ಲ, ಅದೇ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ರು, "ಹಿಂದೆ ಅಷ್ಟೊಂದು ಮನೆ ಇದಾವಲ್ಲ, ಅವು ರಾತ್ರಿ ಎಲ್ಲಿ ಮಲಗ್ತಾವೆ?"